ಪದ ಎಣಿಸುವವರ ‘ಲಿಕ್ವಿಡ್ ಸ್ವೋರ್ಡ್ಸ್’

ರ‍್ಯಾಪರ್ ಜಿಝಾನ ‘ಲಿಕ್ವಿಡ್ ಸ್ವೋರ್ಡ್ಸ್’ ಆಲ್ಬಮ್ಮಿನ ಹೆಸರೆತ್ತಿದರೆ ಸಾಕು, ಹಿಪ್‌ಹಾಪ್ ಅಭಿಮಾನಿಗಳು ಮೊದಲು ಚೆಸ್ ಅನ್ನುತ್ತಾರೆ, ಆಮೇಲೆ ‘ಲೇಬಲ್ಸ್’ ಹಾಡು ಅನ್ನುತ್ತಾರೆ. ಚೆಸ್ ಇರುವುದು ಹೆಚ್ಚಾಗಿ ಡೆನಿಸ್ ಕೋವನ್ ಬರೆದ ಹೊದಿಕೆಯ ಮೇಲೆ, ಹಾಡುಗಳೊಳಗೆ ಅಷ್ಟಿಲ್ಲ. ಜಿಝಾ ಸೇರಿದ ವು-ಟ್ಯಾಂಗ್ ಕ್ಲ್ಯಾನ್ ತಂಡ, ಅದರ ಸಂಗೀತ ನಿರ್ಮಾಪಕ ರಿಝಾನ ನೆಲಮಾಳಿಗೆ ಸ್ಟುಡಿಯೋ, 1995ರ ಆಗಸ್ಟ್‌ನಲ್ಲಿ ಬಂದ ಅದೇ ತಂಡದ ರೇಕ್ವಾನನ ಆಲ್ಬಮ್ ಮೇಲೋ ನವೆಂಬರ್‌ನಲ್ಲಿ ಬಂದ ಜಿಝಾನದು ಮೇಲೋ ಎಂಬ ಮುಗಿಯದ ಜಗಳ, ಇವೆಲ್ಲ ಈ ಸಂಗೀತ ಕೇಳುವವರಿಗೆ ಬಾಯಿಪಾಠ. ಆಲ್ಬಮ್ ದೊಡ್ಡದು ಎಂಬುದರಲ್ಲಿ ನನಗೆ ತಕರಾರಿಲ್ಲ. ಯಾವುದನ್ನು ತೋರಿಸಿ ಅದನ್ನು ದೊಡ್ಡದು ಅನ್ನುತ್ತಾರೋ, ತಕರಾರು ಅಲ್ಲಿದೆ.

‘ಲೇಬಲ್ಸ್’ನಲ್ಲಿ ಜಿಝಾ ರೆಕಾರ್ಡ್ ಕಂಪನಿಗಳ ಹೆಸರುಗಳನ್ನೇ ಹೆಣೆದು ವಾಕ್ಯ ಮಾಡುತ್ತಾನೆ. ಟಾಮಿ ಬಾಯ್, ಡೆಫ್ ಜ್ಯಾಮ್, ಹೀಗೆ ಸಾಲುಸಾಲು. ಹಿಂದಿರುವ ಸಿಟ್ಟು ನಿಜವಾದದ್ದೇ. 1991ರಲ್ಲಿ ಕೋಲ್ಡ್ ಚಿಲ್ಲಿನ್ ಕಂಪನಿ ಹೊರತಂದ ಅವನ ಮೊದಲ ಆಲ್ಬಮ್ ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ. ಆದರೆ ಹಾಡು ಅರ್ಧ ದಾಟುವ ಹೊತ್ತಿಗೆ ಸಿಟ್ಟು ಎಲ್ಲೋ ಹೋಗಿ, ಮುಂದಿನ ಹೆಸರು ಯಾವುದು ಎಂದು ಹಿಡಿಯುವ ಆಟವಷ್ಟೇ ಉಳಿಯುತ್ತದೆ. ಇಂಥದ್ದನ್ನು ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ‘ಚಿತ್ರ’ವೆಂದು ಕರೆದು, ಇದು ಕಾವ್ಯವಲ್ಲ, ಕಾವ್ಯದ ಅನುಕರಣೆ ಎಂದು ಪಕ್ಕಕ್ಕಿಟ್ಟಿದ್ದ. ಜಿಝಾ ಮಾತ್ರ ಇದನ್ನು ಬಿಡಲಿಲ್ಲ: 1999ರ ‘ಪಬ್ಲಿಸಿಟಿ’ಯಲ್ಲಿ ಪತ್ರಿಕೆಗಳ ಹೆಸರು, 2005ರ ‘ಕ್ವೀನ್ಸ್ ಗ್ಯಾಂಬಿಟ್’ನಲ್ಲಿ ಅಮೆರಿಕದ ಫುಟ್ಬಾಲ್ ತಂಡಗಳ ಹೆಸರು. ಯಾವ ಪಟ್ಟಿ ಕೊಟ್ಟರೂ ನಡೆಯುವ ತಂತ್ರಕ್ಕೆ ಹೇಳಬೇಕಾದದ್ದು ಏನೂ ಇದ್ದಂತಿಲ್ಲ.

ಇನ್ನು ‘ಲಿಕ್ವಿಡ್ ಸ್ವೋರ್ಡ್ಸ್’ನದೇ ‘ಕಿಲ್ಲಾ ಹಿಲ್ಸ್ 10304’ ಕೇಳಿ. ಅಂಕಿ ಸ್ಟ್ಯಾಟನ್ ಐಲೆಂಡಿನ ಒಂದು ಪಿನ್‌ಕೋಡ್, ವಸ್ತು ಮಾದಕ ದಂಧೆ. ಅಲ್ಲಿ ಒತ್ತೊತ್ತಿಗೆ ಬರುವ ಎರಡು ಸಾಲುಗಳಿವೆ. ಹೋಟೆಲಿನ ಮೇಲೆ ಪೊಲೀಸರ ಕಣ್ಣಿದೆ, ಆದ್ದರಿಂದ ಊಟ ಪಾರ್ಸೆಲ್ ತಗೊಳ್ಳಿ ಎನ್ನುವುದು ಒಂದು. ಸ್ಪಾರ್ಕ್ಸ್ ಸ್ಟೇಕ್ ಹೌಸ್‌ನ ಹೊರಗೆ ಗದ್ದಲ ಎನ್ನುವುದು ಇನ್ನೊಂದು. ಅಷ್ಟೇ, ಕಥೆ ಮುಂದಕ್ಕೆ ಹೋಗಿಬಿಡುತ್ತದೆ. 1985ರ ಡಿಸೆಂಬರ್ 16ರ ಸಂಜೆ, ಮ್ಯಾನ್‌ಹಟನ್ನಿನ ಆ ಹೋಟೆಲಿನ ಮುಂದೆ, ಊಟಕ್ಕೆಂದು ಕಾರಿಳಿಯುತ್ತಿದ್ದ ಗ್ಯಾಂಬಿನೋ ಮಾಫಿಯಾದ ಯಜಮಾನ ಪಾಲ್ ಕ್ಯಾಸ್ಟೆಲ್ಲಾನೋನನ್ನು ಗುಂಡಿಟ್ಟು ಕೊಂದರು. ಜಿಝಾ ಅವನ ಹೆಸರು ಹೇಳುವುದಿಲ್ಲ, ಗುಂಡು ಅನ್ನುವುದಿಲ್ಲ. ಸ್ಟೇಕ್-ಔಟ್, ಟೇಕ್-ಔಟ್, ಸ್ಟೇಕ್ ಹೌಸ್: ಪ್ರಾಸದ ಒಂದು ತುದಿ ಪೊಲೀಸರದು, ನಡುವಿನದು ಹೋಟೆಲ್ ಕೌಂಟರಿನದು, ಕೊನೆಯದು ಕೊಲೆ ನಡೆದ ಜಾಗದ ಬೋರ್ಡು. ಪಾರ್ಸೆಲ್ ಕಟ್ಟಿಸಿಕೊಂಡವನು ಮನೆ ಸೇರುತ್ತಾನೆ, ಕೂತು ಉಣ್ಣಲು ಬಂದವನು ಬಾಗಿಲು ಮುಟ್ಟುವುದಿಲ್ಲ. ಕಸುಬಿನ ಬುದ್ಧಿಮಾತೊಂದು, ಅದನ್ನು ಮರೆತದ್ದರ ಫಲವೊಂದು, ಎರಡನ್ನೂ ಪ್ರಾಸವೇ ಗಂಟು ಹಾಕಿದೆ. ದನಿ ಮಾತ್ರ ಒಂದಿಷ್ಟೂ ಏರುವುದಿಲ್ಲ, ಅಕ್ಕಿಯ ರೇಟು ಹೇಳುವವನ ದನಿ ಅದು. ‘ಲೇಬಲ್ಸ್’ನಲ್ಲಿ ಇರುವುದೂ ಶಬ್ದದಾಟವೇ, ಇಲ್ಲಿರುವುದೂ ಶಬ್ದದಾಟವೇ, ಆದರೆ ಇಲ್ಲಿ ಆಟ ನಿಂತರೆ ಅರ್ಥವೂ ನಿಲ್ಲುತ್ತದೆ.

ಇದನ್ನು ಬಿಟ್ಟು ಲೆಕ್ಕ ಹಾಕುವವರಿದ್ದಾರೆ. 2014ರಲ್ಲಿ ಮ್ಯಾಟ್ ಡೇನಿಯಲ್ಸ್ ಎಂಬವರು ರ‍್ಯಾಪರ್‌ಗಳ ಮೊದಲ 35,000 ಪದಗಳನ್ನು ತೆಗೆದುಕೊಂಡು ಅವುಗಳಲ್ಲಿ ಬೇರೆಬೇರೆ ಪದ ಎಷ್ಟೆಂದು ಎಣಿಸಿದರು, ಪಕ್ಕದಲ್ಲಿ ಶೇಕ್ಸ್‌ಪಿಯರನನ್ನೂ ನಿಲ್ಲಿಸಿದರು. ಜಿಝಾ ಮುಂಚೂಣಿಯಲ್ಲಿ ಬಂದ. ಅಂದಿನಿಂದ ಅಭಿಮಾನಿಗಳ ಕೈಗೆ ದಾಖಲೆ ಸಿಕ್ಕಂತಾಯಿತು. ಆ ಎಣಿಕೆಯಲ್ಲಿ ಒಂದೇ ಪದ ಪ್ರತ್ಯಯ ಬದಲಿಸಿದರೆ ಹೊಸ ಪದ, ಉಚ್ಚಾರದಲ್ಲಿ ಬಾಲ ತುಂಡಾದರೆ ಇನ್ನೊಂದು ಹೊಸ ಪದ. ಈ ಲೆಕ್ಕಕ್ಕೆ ‘ಲೇಬಲ್ಸ್’ ಸುಗ್ಗಿ, ಸ್ಪಾರ್ಕ್ಸ್ ಹೋಟೆಲಿನ ಸಾಲುಗಳು ದಂಡ. ಡೇನಿಯಲ್ಸ್ ಕುತೂಹಲಕ್ಕೆ ಮಾಡಿದ್ದನ್ನು ದೂರಲಾರೆ. ಅದನ್ನು ಹಿಡಿದುಕೊಂಡು ಕಾವ್ಯದ ಮಾತಾಡಲು ಬರುವ ವಿಮರ್ಶಕರ ಜತೆ ನನ್ನ ಜಗಳ. ಮಾತು ಕಡಿಮೆ ಮಾಡುವುದೇ ಜಿಝಾನ ಕಸುಬುಗಾರಿಕೆ; ಆಡದೆ ಬಿಟ್ಟ ಮಾತನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾರೆ?

ಇನ್ನೊಂದು ಪಂಗಡಕ್ಕೆ ಈ ಆಲ್ಬಮ್ಮಿನಲ್ಲಿ ಜಪಾನಿನ ಆತ್ಮ ಕಾಣುತ್ತದೆ. ಆಲ್ಬಮ್ಮಿನ ಬಾಗಿಲಲ್ಲಿ ತಂದೆಯ ಕಥೆ ಹೇಳುವ ಹುಡುಗನ ದನಿ ‘ಷೋಗನ್ ಅಸಾಸಿನ್’ ಚಿತ್ರದ್ದು. 1972ರ ಎರಡು ಜಪಾನಿ ಚಿತ್ರಗಳನ್ನು ಕತ್ತರಿಸಿ ಜೋಡಿಸಿ 1980ರಲ್ಲಿ ಅಮೆರಿಕದಲ್ಲಿ ಬಿಟ್ಟ ಸಿನಿಮಾ ಅದು. ಹುಡುಗನ ಆ ನಿರೂಪಣೆ ಮೂಲದಲ್ಲಿ ಇಲ್ಲವೇ ಇಲ್ಲ, ಇಂಗ್ಲಿಷಿಗೆ ತರುವಾಗ ಸೇರಿಸಿದ್ದು. ನ್ಯೂಯಾರ್ಕಿನ ಹುಡುಗರು ನೋಡಿ ಬೆಳೆದ ಅಗ್ಗದ ಡಬ್ಬಿಂಗ್ ಸಿನಿಮಾವನ್ನೇ ರಿಝಾ ಆರಿಸಿದ. ಆಯ್ಕೆ ಸರಿಯಾಗಿದೆ, ಆತ್ಮದ ಮಾತು ಬೇಡ.

ಆಲ್ಬಮ್ ಪೂರ್ತಿ ಜಿಝಾನದೇ ಎಂದು ನಾನೂ ಹೇಳಲಾರೆ. ‘ಷಾಡೋಬಾಕ್ಸಿನ್’ನಲ್ಲಿ ಮೂರು ಚರಣಗಳಲ್ಲಿ ಎರಡು ಅದೇ ತಂಡದ ಮೆಥಡ್ ಮ್ಯಾನ್‌ಗೆ ಹೋಗಿವೆ, ‘4ತ್ ಚೇಂಬರ್’ನಲ್ಲಿ ತಂಡದ ಇನ್ನೊಬ್ಬ ಘೋಸ್ಟ್‌ಫೇಸ್ ಮೊದಲೇ ಬಂದು ಹಾಡನ್ನು ಹೊತ್ತುಕೊಂಡು ಹೋಗುತ್ತಾನೆ. ಒಂದೂ ಸೋತ ಹಾಡಿಲ್ಲ ಎಂದು ಆಣೆಯಿಡುವವರು ಸಿಡಿಯ ಕೊನೆಯ ‘ಬೈಬಲ್’ ಬಂದಾಗ ಅದು ಬೋನಸ್, ಲೆಕ್ಕಕ್ಕಿಲ್ಲ ಅನ್ನುತ್ತಾರೆ. ಅದರಲ್ಲಿ ರ‍್ಯಾಪ್ ಮಾಡಿದವನು ಕಿಲ್ಲಾ ಪ್ರೀಸ್ಟ್, ಸಂಗೀತ ಫೋರ್ತ್ ಡಿಸೈಪಲ್‌ನದು. ಜಿಝಾನ ಒಂದು ಚರಣವೂ ಅದರಲ್ಲಿಲ್ಲ.