ಪೌಲಿಯ ಪತ್ರದ ಗುಣದೋಷಗಳು

1930ನೆಯ ಡಿಸೆಂಬರ್ 4ರಂದು ಜ್ಯೂರಿಕ್ ನಗರದಿಂದ ವೋಲ್ಫ್‌ಗಾಂಗ್ ಪೌಲಿಯು ಟ್ಯೂಬಿಂಗನ್ನಿನಲ್ಲಿ ಸೇರಲಿದ್ದ ಭೌತಶಾಸ್ತ್ರಜ್ಞರಿಗೆ ಬರೆದ ಪತ್ರವು ಶಾಸ್ತ್ರಸಾಹಿತ್ಯದಲ್ಲಿ ಗಣನೀಯವಾದುದು. ಪರಮಾಣುಬೀಜದಿಂದ ಹೊರಡುವ ಬೀಟಾಕಿರಣಗಳ ಶಕ್ತಿಯು ಲೆಕ್ಕಕ್ಕೆ ಸರಿಹೊಂದುತ್ತಿರಲಿಲ್ಲ. ಶಕ್ತಿನಿತ್ಯತ್ವದ ನಿಯಮವನ್ನೇ ಬಿಡಬೇಕಾದೀತೆಂದು ನೀಲ್ಸ್ ಬೋರನಂಥವರು ಶಂಕಿಸುತ್ತಿರಲು, ಉಳಿದ ಶಕ್ತಿಯನ್ನು ವಿದ್ಯುದಂಶವಿಲ್ಲದ ಒಂದು ಅದೃಶ್ಯಕಣವು ಒಯ್ಯುವುದೆಂದು ಪೌಲಿಯು ಊಹಿಸಿದನು. ನ್ಯೂಟ್ರಿನೋ ಎಂಬ ಹೆಸರು ಅದಕ್ಕೆ ಬಳಿಕ ಬಂದಿತು.

ಪತ್ರದ ಮುಖ್ಯಗುಣವು ವಿನಯವು. ಅನುಮಾನವನ್ನು ಪ್ರತ್ಯಕ್ಷವೆಂದು ಸಾರದೆ, ಬೇರೆ ಗತಿಯಿಲ್ಲದೆ ಹಿಡಿದ ಉಪಾಯವಿದೆಂದು ಒಪ್ಪಿಕೊಂಡು, ಲೇಖಕನು ಪ್ರಯೋಗನಿಪುಣರ ಅಭಿಪ್ರಾಯವನ್ನು ಬೇಡುವನು. ನೃತ್ಯೋತ್ಸವದ ನಿಮಿತ್ತ ತಾನು ಸಭೆಗೆ ಬರಲಾರೆನೆಂಬ ಮಾತು ಕೆಲವರಿಗೆ ಅನುಚಿತವೆಂದು ತೋರಬಹುದು. ಆದರೆ ಆ ಲಘುತ್ವದ ಹಿಂದೆ ಹೇಳುವವನ ಸಂಕೋಚವು ಕಾಣುವುದು.

ನಿಜವಾದ ದೋಷವು ಬೇರೆಡೆ ಇರುವುದು. ಆ ಕಣವು ಬೀಜದೊಳಗೆ ಮೊದಲೇ ಇರುವುದೆಂದು ಪೌಲಿಯು ಬಗೆದನು; ಅದು ಕ್ಷಯಕಾಲದಲ್ಲಿಯೇ ಹುಟ್ಟುವುದೆಂದು ಎನ್ರಿಕೋ ಫೆರ್ಮಿಯು 1934ರಲ್ಲಿ ಪ್ರತಿಪಾದಿಸಿ ಅದನ್ನು ತಿದ್ದಿದನು.

1956ರಲ್ಲಿ ರೈನ್ಸ್ ಮತ್ತು ಕೋವನ್ ಎಂಬವರು ಅಮೆರಿಕೆಯ ಸವಾನಾ ನದಿಯ ಪರಮಾಣುಸ್ಥಾವರದ ಬಳಿ ಪ್ರಯೋಗ ನಡೆಸಿ, ಆ ಕಣದ ಇರವನ್ನು ದೃಢಪಡಿಸಿ ಪೌಲಿಗೆ ತಂತಿಯನ್ನು ಕಳುಹಿದರು. ಇಪ್ಪತ್ತಾರು ವರ್ಷ ಪ್ರಮಾಣಕ್ಕಾಗಿ ಕಾದ ಈ ಪತ್ರದಿಂದ, ಶಾಸ್ತ್ರವಿಷಯವಾಗಿ ಬರೆಯುವವರು ಊಹೆಯನ್ನು ಊಹೆಯೆಂದೇ ಹೇಳುವ ಧೈರ್ಯವನ್ನು ಕಲಿಯಬೇಕು.