ಕನ್ನಡಿಯಲ್ಲಿ ಕಂಡ ಕೈ

ಅರಸೀಕೆರೆಯಲ್ಲಿ ರೈಲಿಳಿದು ಮಕ್ಕಳನ್ನು ಹಳೇಬೀಡು, ಬೇಲೂರುಗಳಿಗೆ ಪ್ರವಾಸ ಕರೆದೊಯ್ದ ಅಧ್ಯಾಪಕರಿಗೆ ಎರಡು ನೋಟಗಳು ನೆನಪಿರಬಹುದು. ಹಳೇಬೀಡಿನಲ್ಲಿ ತೋಳು ಮುರಿದ ಎಷ್ಟೋ ಶಿಲ್ಪಗಳು. ಬೇಲೂರಿನಲ್ಲಿ ಕೈಗನ್ನಡಿ ಹಿಡಿದು ನಿಂತ ದರ್ಪಣಸುಂದರಿ. ಇಲ್ಲದ ಕೈ ಮತ್ತು ಕನ್ನಡಿ ಎರಡೂ ಒಟ್ಟಿಗೆ ಬರುವ ಪುಸ್ತಕವೊಂದಿದೆ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅವರು ಸ್ಯಾಂಡ್ರಾ ಬ್ಲೇಕ್ಸ್‌ಲೀ ಅವರೊಡನೆ ಬರೆದ 'ಫ್ಯಾಂಟಮ್ಸ್ ಇನ್ ದ ಬ್ರೈನ್' (1998).

ಕೈಯನ್ನೋ ಕಾಲನ್ನೋ ಕತ್ತರಿಸಿ ತೆಗೆದ ಮೇಲೂ ಅದು ಇದ್ದಂತೆಯೇ ಅನಿಸುವುದುಂಟು. ಇಲ್ಲದ ಬೆರಳು ತುರಿಸುತ್ತದೆ, ಇಲ್ಲದ ಪಾದ ನೋಯುತ್ತದೆ. ಅಮೆರಿಕದ ವೈದ್ಯ ವೇರ್ ಮಿಚೆಲ್ 1871ರಲ್ಲಿ ಇದಕ್ಕೆ 'ಫ್ಯಾಂಟಮ್ ಲಿಂಬ್' ಎಂಬ ಹೆಸರಿಟ್ಟ. ನಾವು 'ಮಾಯಾ ಅಂಗ' ಎನ್ನೋಣ. ಇದು ಹುಚ್ಚಲ್ಲ, ಮಿದುಳಿನ ಸಹಜ ಕೆಲಸ ಎಂದು ಈ ಪುಸ್ತಕ ಮನದಟ್ಟು ಮಾಡಿಸುತ್ತದೆ. ಯಾರಿಗೂ ಹೇಳಲಾರದೆ ಒಳಗೇ ಹೆದರುತ್ತಿದ್ದವರಿಗೆ ಅಷ್ಟೇ ದೊಡ್ಡ ಸಮಾಧಾನ.

ಮಿದುಳಿನ ಹೊರಪದರದಲ್ಲಿ ದೇಹದ ನಕ್ಷೆಯಿದೆ. ಅದರಲ್ಲಿ ಕೈಯ ಪಕ್ಕದಲ್ಲೇ ಮುಖ. ಕೈಯಿಂದ ಸಂದೇಶ ನಿಂತೊಡನೆ ಮುಖವು ಆ ಜಾಗವನ್ನು ಆಕ್ರಮಿಸುತ್ತದೆ, ಆದ್ದರಿಂದಲೇ ಕೆನ್ನೆ ಮುಟ್ಟಿದರೆ ಇಲ್ಲದ ಬೆರಳು ಮುಟ್ಟಿದಂತಾಗುತ್ತದೆ ಎಂಬುದು ರಾಮಚಂದ್ರನ್ ವಾದ. ಈ ಪುಟಗಳು ಪತ್ತೇದಾರಿ ಕಥೆಯಂತೆ ಓದಿಸಿಕೊಳ್ಳುತ್ತವೆ. ಆದರೆ ಇದನ್ನೇ ಕೊನೆಯ ಮಾತೆಂದು ಪಾಠ ಮಾಡಬೇಡಿ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೂವರ ಮಿದುಳನ್ನು ಕೈ ತೆಗೆಯುವ ಮೊದಲೂ ಆಮೇಲೂ ಸ್ಕ್ಯಾನ್ ಮಾಡಿ ನೋಡಿದಾಗ, ಕೈಯ ನಕ್ಷೆ ಬಹುಮಟ್ಟಿಗೆ ಹಾಗೆಯೇ ಉಳಿದಿತ್ತು.

ಪುಸ್ತಕದ ಹೆಸರುವಾಸಿ ಭಾಗ ಕನ್ನಡಿ ಪೆಟ್ಟಿಗೆ. ನಡುವೆ ಕನ್ನಡಿ ನಿಲ್ಲಿಸಿ, ಇರುವ ಕೈಯನ್ನು ಅದರ ಮುಂದಿಟ್ಟರೆ ಪ್ರತಿಬಿಂಬವು ಕಳೆದುಹೋದ ಕೈಯ ಜಾಗದಲ್ಲಿ ಕಾಣುತ್ತದೆ. ಇರುವ ಮುಷ್ಟಿ ಬಿಚ್ಚಿದರೆ, ಬಿಗಿದು ನೋಯುತ್ತಿದ್ದ ಮಾಯಾ ಮುಷ್ಟಿಯೂ ಕೆಲವರಲ್ಲಿ ಸಡಿಲವಾಯಿತು. ಖರ್ಚು ಒಂದು ಕನ್ನಡಿಯದಷ್ಟೆ!

ನನ್ನ ತಕರಾರು ಇಲ್ಲಿದೆ. ಒಗಟು ಬಿಡಿಸಿದೊಡನೆ ರೋಗಿ ಪುಟದಿಂದ ಮರೆಯಾಗುತ್ತಾನೆ. ಆತ ಮನೆಗೆ ಹೋಗಿ ಹೆಂಡತಿ ಮಕ್ಕಳ ಮುಂದೆ ಹೇಗೆ ಕುಳಿತ, ಕೆಲಸಕ್ಕೆ ಮರಳಿದನೆ, ರಾತ್ರಿ ಅತ್ತನೆ? ನೋವಿನ ಲೆಕ್ಕವಿದೆ, ದುಃಖದ ಲೆಕ್ಕವಿಲ್ಲ. ಎರಡನ್ನೂ ಬೇರ್ಪಡಿಸಲು ಬರುವುದಿಲ್ಲ ಎಂಬುದಕ್ಕೆ ಕನ್ನಡಿಯೇ ಸಾಕ್ಷಿ. ಕಾಲು ಕಳೆದುಕೊಂಡ ಅಮೆರಿಕದ ಸೈನಿಕರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕನ್ನಡಿ ಬಳಸಿದವರ ನೋವು ನಾಲ್ಕು ವಾರಗಳಲ್ಲಿ ತಗ್ಗಿತು. ಆದರೆ ಅದರಲ್ಲಿ ಇಬ್ಬರು, ಹೋದ ಕಾಲು ಕನ್ನಡಿಯಲ್ಲಿ ಮತ್ತೆ ಕಂಡಾಗ ದುಃಖ ತಾಳಲಾರದೆ ಹೋದರು. ಸ್ವಲ್ಪ ಹೊತ್ತು ಮಾತ್ರ, ನಿಜ.

ಅಗ್ಗದ ಪ್ರಯೋಗವೆಂದು ನೀವು ಇದನ್ನು ತರಗತಿಯಲ್ಲಿ ಮಾಡಿ ತೋರಿಸಲು ಹೊರಡುವವರಿದ್ದೀರಿ, ತೋರಿಸಿ. ರೈಲು, ಲಾರಿ, ಕಬ್ಬಿನ ಗಾಣ, ಸಕ್ಕರೆ ಕಾಯಿಲೆ ಯಾವುದರಿಂದಲೋ ಅಂಗ ಕಳೆದುಕೊಂಡವರು ಮನೆಯಲ್ಲಿರುವ ವಿದ್ಯಾರ್ಥಿ ಆ ಬೆಂಚಿನಲ್ಲಿ ಕುಳಿತಿರಬಹುದು. ಹಿಂದಿನ ದಿನವೇ ಅವನನ್ನು ಕರೆದು ಕೇಳಿ. ಜೊತೆಗೆ 14416 ಎಂದು ಕಪ್ಪುಹಲಗೆಯ ಮೂಲೆಯಲ್ಲಿ ಬರೆಯಿರಿ. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.