ಕಡಲಿಲ್ಲದ ಸೀಮೆಯಲ್ಲಿ ಒಂದು ದಿನ

ನಮ್ಮ ಮಂಡ್ಯ ಸೀಮೆಯ ಮನೆಗಳಲ್ಲಿ ಟ್ರಿಪ್ಪಿನ ಮಾತೆತ್ತಿದರೆ ಮಕ್ಕಳು ಮೊದಲು ಹೇಳುವುದು ಸಮುದ್ರ. ಆಸೆ ಸರಿಯೇ. ಆದರೆ ಅದನ್ನು ಒಂದು ಭಾನುವಾರದೊಳಗೆ ತುರುಕಲು ಹೋದರೆ ಕೆಡುತ್ತದೆ. ರಾತ್ರಿ ಊಟ ಮುಗಿಸಿ ಟೆಂಪೋ ಟ್ರಾವೆಲರ್ ಹತ್ತಬೇಕು. ಶಿರಾಡಿ ಘಾಟಿಯ ತಿರುವಿನಲ್ಲಿ ಮಕ್ಕಳಿಗೆ ವಾಂತಿ. ಬೆಳಗ್ಗೆ ಧರ್ಮಸ್ಥಳ, ನೆತ್ತಿ ಸುಡುವ ಹೊತ್ತಿಗೆ ಪಣಂಬೂರಿನ ಮರಳು. ಅಲೆಗೆ ಕಾಲು ಕೊಟ್ಟು ಖುಷಿ ಹತ್ತುವಷ್ಟರಲ್ಲಿ, ‘ಹೊರಡ್ರಪ್ಪಾ, ಘಾಟಿ ಹತ್ತೋಕೆ ಮುಂಚೆ ಕತ್ತಲಾಗ್ತದೆ’ ಎಂದು ದೊಡ್ಡವರ ಕೂಗು. ಕಡಲಿಗೆ ಹೋಗುವವರು ಎರಡು ರಾತ್ರಿ ಇಟ್ಟುಕೊಂಡೇ ಹೋಗಬೇಕು. ಒಂದೇ ದಿನ ಇದ್ದರೆ ತೊಣ್ಣೂರು ಕೆರೆಗೆ ಬನ್ನಿ.

ಮನೆಮಂದಿಯೆಲ್ಲ ಹೋಗುವ ಒಂದು ದಿನದ ತಿರುಗಾಟಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಸರಳವಾದದ್ದು: ವಾಹನದೊಳಗೆ ಎಷ್ಟು ಗಂಟೆ ಕೂತಿರಿ, ನೀರಿನ ಪಕ್ಕ ಎಷ್ಟು ಗಂಟೆ ಕೂತಿರಿ? ಮೈಸೂರಿನಿಂದಲೋ ಮಂಡ್ಯದಿಂದಲೋ ಹೊರಟವರಿಗೆ ಈ ಅಳತೆಯಲ್ಲಿ ತೊಣ್ಣೂರನ್ನು ಮೀರಿಸುವ ಜಾಗ ನನಗೆ ಕಂಡಿಲ್ಲ. ಪಾಂಡವಪುರ ದಾಟಿ, ಕುಂತಿಬೆಟ್ಟದ ಬಂಡೆಗಳನ್ನು ಕಣ್ತುಂಬ ನೋಡಿಕೊಂಡು, ಕಬ್ಬಿನ ಗದ್ದೆಗಳ ನಡುವೆ ಸಾಗಿದರೆ ಕೆರೆ ಬಂದೇ ಬಿಡುತ್ತದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಈ ಸೀಮೆಯಲ್ಲಿ ರಸ್ತೆ ಪಕ್ಕದಲ್ಲೇ ನಾಲೆಗಳು ಹರಿಯುತ್ತವೆ. 2018ರ ನವೆಂಬರ್ 24ರಂದು ಇದೇ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನಾಲೆ ಏರಿಯ ಮೇಲೆ ಗಾಡಿ ಓಡಿಸುವವರು ಹಾಡು ನಿಲ್ಲಿಸಿ, ಮಾತು ನಿಲ್ಲಿಸಿ ಓಡಿಸಲಿ.

ಕೆರೆಗೆ ಬಿಸಿಲೇರುವ ಮುಂಚೆ ತಲುಪಬೇಕು. ಮೊದಲು ಏರಿಯ ಮೇಲೆ ಎಲ್ಲರೂ ನಿಂತು ಒಮ್ಮೆ ಸುತ್ತ ನೋಡಿ. ಬಯಲುಸೀಮೆಯ ಕೆರೆ ಎಂದರೆ ಉದ್ದನೆಯ ಏರಿ, ಅಗಲಕ್ಕೆ ಹರಡಿಕೊಂಡ ತೆಳು ನೀರು, ಬೇಸಗೆಯಲ್ಲಿ ಕೆಸರು. ತೊಣ್ಣೂರು ಹಾಗಿಲ್ಲ. ಎರಡು ಕಲ್ಲುಗುಡ್ಡಗಳು ಹತ್ತಿರ ಬಂದು ಬಿಟ್ಟ ಕಿಂಡಿಗೆ ಉದ್ದ ಕಡಿಮೆಯಾದ, ಆದರೆ ಎತ್ತರದ ಒಂದು ಕಟ್ಟೆ ಹಾಕಿದ್ದಾರೆ, ಅಷ್ಟೆ. ಹಿಂದಿನ ಕಣಿವೆಯೆಲ್ಲ ನೀರಾಯಿತು. ಸುಮಾರು ಒಂಬತ್ತು ನೂರು ವರ್ಷ ಹಳೆಯ ಕೆರೆ ಇದು. ಯಾದವಸಮುದ್ರ, ತಿರುಮಲಸಾಗರ ಎಂಬ ಹಳೆಯ ಹೆಸರುಗಳಲ್ಲೇ ಸಮುದ್ರ, ಸಾಗರ ಎರಡೂ ಇವೆ. 1746ರಲ್ಲಿ ಇಲ್ಲಿಗೆ ಬಂದ ನಿಜಾಮನ ಮಗ ನಾಸಿರ್ ಜಂಗ್ ಈ ತಿಳಿನೀರು ನೋಡಿ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಎಂದು ಕರೆದ. ಆಮೇಲೆ ಟಿಪ್ಪು ಸುಲ್ತಾನ್ ಶತ್ರುಸೈನ್ಯಕ್ಕೆ ನೀರು ದಕ್ಕಬಾರದೆಂದು ಏರಿಯನ್ನೇ ಒಡೆಸಿದ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಕಥನದಲ್ಲಿ ಈ ಕೆರೆಯನ್ನೂ ದಾಖಲಿಸಿದ್ದಾನೆ. ಇಷ್ಟು ಕತೆಯನ್ನು ಏರಿಯ ಮೇಲೆ ನಿಂತು ಹೇಳಿದರೆ ಹತ್ತು ವರ್ಷದ ಮಕ್ಕಳೂ ಬಾಯಿ ಬಿಟ್ಟುಕೊಂಡು ಕೇಳುತ್ತವೆ. ತಾವು ಕಾಲಿಟ್ಟಿರುವ ಮಣ್ಣನ್ನೇ ಒಬ್ಬ ರಾಜ ಒಡೆಸಿದ್ದ, ಜನ ಮತ್ತೆ ಕಟ್ಟಿದರು ಎಂಬುದು ಅವರಿಗೆ ಥಟ್ಟನೆ ನಾಟುತ್ತದೆ.

ನೀರಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಯಾವ ಕೆರೆಯಲ್ಲೂ ಆಳ ಹೆಚ್ಚಿರುವುದು ಏರಿಯ ಮಗ್ಗುಲಲ್ಲೇ. ಇಲ್ಲಂತೂ ಕಣಿವೆಯ ಬಾಯನ್ನೇ ಕಟ್ಟಿರುವುದರಿಂದ ನಾಲ್ಕು ಹೆಜ್ಜೆಗೆಲ್ಲ ನೆಲ ಸಿಗುವುದಿಲ್ಲ. ನೀರು ತಿಳಿಯಾಗಿದ್ದಷ್ಟೂ ಆಳ ಕಣ್ಣಿಗೆ ಕಡಿಮೆ ಕಾಣುತ್ತದೆ, ಈಜು ಬಲ್ಲವರನ್ನೂ ಮೋಸ ಮಾಡುತ್ತದೆ. ಮಕ್ಕಳು ದಡದ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಡಲಿ, ದೊಡ್ಡವರೊಬ್ಬರು ಅವರ ಪಕ್ಕ ಬಿಟ್ಟೇಳದೆ ಕೂತಿರಲಿ. ಒಂದು ನಿಮಿಷ ಅಲುಗಾಡದೆ ಇದ್ದರೆ ಬೆರಳಗಲದ ಮೀನುಗಳು ಬಂದು ಹಿಮ್ಮಡಿಗೆ ಬಾಯಿ ಹಾಕುತ್ತವೆ. ಕಚಗುಳಿಗೆ ಮಗು ಕಿಲಕಿಲ ನಕ್ಕಾಗ ಎಲ್ಲ ಚೆದರಿ, ನಗು ನಿಂತ ಮೇಲೆ ಮತ್ತೆ ಬರುತ್ತವೆ. ಈ ಆಟ ಎಷ್ಟು ಹೊತ್ತಾದರೂ ಸಾಕೆನಿಸುವುದಿಲ್ಲ.

ಜಲಪಾತವೂ ಬೇಕೆನ್ನುವವರಿಗೆ ರಾಮಾನುಜ ಗಂಗೆ ಇದೆ. ಗುಡ್ಡದ ಬಂಡೆಗಳ ನಡುವಿನಿಂದ ಇಳಿಯುವ ಸಣ್ಣ ನೀರು. ಹೊಯ್ಸಳ ಬಿಟ್ಟಿದೇವನ ಕಾಲದಲ್ಲಿ ರಾಮಾನುಜಾಚಾರ್ಯರು ತೊಣ್ಣೂರಿನಲ್ಲಿದ್ದರಲ್ಲ, ಆ ನಂಟಿನ ಹೆಸರು. ಜೋಗ ನೋಡಿ ಬಂದವರು ಇದೇನು ಜಲಪಾತ ಎಂದು ಮೂಗು ಮುರಿಯಬಹುದು. ನನಗೆ ಅದು ಒಪ್ಪಿಗೆಯಿಲ್ಲ. ದೊಡ್ಡ ಜಲಪಾತವನ್ನು ದೂರದಿಂದ ನೋಡಬಹುದು, ಮುಟ್ಟಲಾಗುವುದಿಲ್ಲ. ಈ ನೀರಿಗೆ ಮೂರು ವರ್ಷದ ಕೂಸೂ ಅಂಗೈ ಒಡ್ಡಬಹುದು. ಈಚೆಗೆ ಅಲ್ಲಿ ಒಬ್ಬ ಅಜ್ಜಿ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಪಾಚಿಯಿಲ್ಲದ ಕಲ್ಲನ್ನೇ ಬರಿಗಾಲಲ್ಲಿ ಹುಡುಕಿ ಹುಡುಕಿ ಹೆಜ್ಜೆಯಿಡುತ್ತಿದ್ದರು. ಮಗು ಬೊಗಸೆಯೊಡ್ಡಿ ನೀರನ್ನು ಬಾಯಿಗೆ ಒಯ್ದಾಗ, ‘ಬಾಯ್ಗಾಕಬ್ಯಾಡ ಕಣವ್ವ, ತಲೆ ಮ್ಯಾಕೆ ಚುಮುಕಿಸ್ಕೊ’ ಎಂದು ತಾವೇ ಹನಿ ಹನಿ ನೆತ್ತಿಗೆ ತಟ್ಟಿದರು. ನೀರಿನ ಜೊತೆ ಹೇಗಿರಬೇಕೆಂಬ ಪಾಠ ಆ ಅಜ್ಜಿಯ ಕಾಲಿನಲ್ಲೂ ಇತ್ತು, ಕೈಯಲ್ಲೂ ಇತ್ತು. ಬೇಸಗೆಯಲ್ಲಿ ಈ ನೀರು ಸಣಕಲಾಗುತ್ತದೆ. ಮಳೆ ಚೆನ್ನಾಗಿ ಬಿದ್ದ ವರ್ಷ, ಕೆರೆ ತುಂಬಿ ಕೋಡಿ ಬಿದ್ದರೆ, ಆ ಕೋಡಿಯೇ ಇನ್ನೊಂದು ಜಲಪಾತ.

ಉಳಿದ ನೀರುಗಳಿಗೂ ಅವುಗಳದೇ ತಿಂಗಳುಗಳಿವೆ. ಗಗನಚುಕ್ಕಿಗೆ ಕಾವೇರಿ ಮೈದುಂಬಿದ ಆಷಾಢ, ಶ್ರಾವಣದಲ್ಲಿ ಹೋಗಬೇಕು, ಅದೂ ದೂರದಿಂದ ನೋಡಿ ಬರಲು. 1902ರಲ್ಲಿ ಅಲ್ಲಿಯ ಶಿವನಸಮುದ್ರದಿಂದಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತೆಂದು ಮಕ್ಕಳಿಗೆ ತೋರಿಸಿ ಹೇಳಿ. ಶ್ರೀರಂಗಪಟ್ಟಣದ ಕಡೆಯ ಬಲಮುರಿ, ಎಡಮುರಿಗಳಲ್ಲಿ ಕಟ್ಟೆಯ ಮೇಲಿಂದ ಕಾವೇರಿ ಜಾರಿ ಇಳಿಯುವುದು ನೋಡಲು ಚೆಂದ. ಆದರೆ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಅದೇ ಹೊಳೆ ಬೇರೆ ಹೊಳೆ. ಹೊಳೆ ತುಂಬಿದಾಗ ಅಲ್ಲಿ ಪ್ರವೇಶ ನಿಲ್ಲಿಸುತ್ತಾರೆ, ನಿಲ್ಲಿಸಿದಾಗ ವಾದ ಮಾಡದೆ ಹಿಂದಿರುಗಬೇಕು. ಕೆ.ಆರ್. ಪೇಟೆಯವರಿಗೆ ಹೇಮಾವತಿಯ ಹೇಮಗಿರಿ ಇದೆ. ತೊಣ್ಣೂರು ಕೆರೆಗೆ ಒಳ್ಳೆಯ ಕಾಲ ದೀಪಾವಳಿಯಿಂದ ಸಂಕ್ರಾಂತಿಯವರೆಗೆ. ಆಗ ನೀರು ತುಂಬಿರುತ್ತದೆ, ರಾಡಿ ಇಳಿದಿರುತ್ತದೆ, ಬಿಸಿಲು ಎಳೆಯದಿರುತ್ತದೆ. ಒಂದೇ ದಿನ ಇವೆಲ್ಲಕ್ಕೂ ಹೋಗಿ ಬರುವ ಪ್ಯಾಕೇಜುಗಳಿಗೆ ನನ್ನ ಬೆಂಬಲವಿಲ್ಲ. ಒಂದು ದಿನಕ್ಕೆ ಒಂದು ನೀರು ಸಾಕು.

ಬಿಸಿಲು ನೆತ್ತಿಗೇರಿದಾಗ ನೀರು ಬಿಟ್ಟು ಊರೊಳಗೆ ಬನ್ನಿ. ಗುಡಿಗಳು ದಿನವಿಡೀ ತೆರೆದಿರುವುದಿಲ್ಲವಾದ್ದರಿಂದ ಬೆಳಗ್ಗೆಯೇ ಅರ್ಚಕರನ್ನು ವಿಚಾರಿಸಿಕೊಂಡಿರಿ. ಪಂಚನಾರಾಯಣ ಕ್ಷೇತ್ರಗಳಲ್ಲೊಂದಾದ ನಂಬಿನಾರಾಯಣನ ಗುಡಿಯಲ್ಲಿ ಬೇಲೂರಿನ ಕುಸುರಿ ಹುಡುಕಬೇಡಿ. ಇದು ಕಣಶಿಲೆಯ ಗುಡಿ. ಕಲ್ಲು ಒರಟು, ಕಂಬ ಭಾರಿ, ನೆಲ ತಣ್ಣಗೆ. ಕೆರೆ ದಡದ ಬಿಸಿಲಿಗೆ ಕಾದ ಮೈಗೆ ಆ ನೆಲ ಕೊಡುವ ಸುಖ ಕೂತು ನೋಡಿದವರಿಗೇ ಗೊತ್ತು. ಯೋಗನರಸಿಂಹನ ಗುಡಿಯಲ್ಲಿ ಹಾವಿನ ಹೆಡೆಯ ಕೆಳಗೆ ಕೂತ ರಾಮಾನುಜರಿದ್ದಾರೆ. ತೆರೆಯ ಹಿಂದೆ ಆದಿಶೇಷನಾಗಿ, ವಾದಕ್ಕೆ ಬಂದ ಸಾವಿರ ಮಂದಿಗೆ ಒಟ್ಟಿಗೇ ಉತ್ತರ ಕೊಟ್ಟರೆಂಬ ಸ್ಥಳಪುರಾಣವನ್ನು ಆ ಮೂರ್ತಿಯ ಮುಂದೆಯೇ ಕೇಳಬೇಕು.

ಊಟಕ್ಕೆ ಮನೆಯ ಬುತ್ತಿಯೇ ಮೇಲು. ಪುಳಿಯೋಗರೆ, ಮೊಸರನ್ನ, ಹುಚ್ಚೆಳ್ಳು ಚಟ್ನಿ ಸವರಿದ ಅಕ್ಕಿರೊಟ್ಟಿ. ತಟ್ಟೆ ಮನೆಯಿಂದ ತನ್ನಿ, ಎಲೆಯಾದರೆ ಇನ್ನೂ ಒಳ್ಳೆಯದು. ದಡದ ಪೊದೆಗಳಲ್ಲಿ ಸಿಕ್ಕಿಕೊಂಡ ಥರ್ಮೋಕೋಲ್ ತಟ್ಟೆ, ಒಡೆದ ಬಾಟಲಿ ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಾರನ್ನು ನೀರಿನ ಅಂಚಿಗೇ ಇಳಿಸಿ ತೊಳೆಯುವವರಿದ್ದಾರೆ. ಈ ನೀರು ತೂಬಿನಿಂದ ಇಳಿದು ಯಾರದೋ ಭತ್ತದ ಗದ್ದೆಗೆ ಹೋಗುತ್ತದೆ, ಬಾಟಲಿಯ ಚೂರು ನಾಟಿ ಹಾಕುವ ಹೆಂಗಸರ ಕಾಲಿಗೆ ಹೊಕ್ಕುತ್ತದೆ. ನಿಮ್ಮ ಕಸದ ಜೊತೆ ಅಲ್ಲಿ ಬಿದ್ದಿರುವ ನಾಲ್ಕು ಕಸವನ್ನೂ ಹೆಕ್ಕಿ ಚೀಲಕ್ಕೆ ಹಾಕಲು ಮಕ್ಕಳಿಗೆ ಹೇಳಿ, ಅವರು ಬೇಡ ಅನ್ನುವುದಿಲ್ಲ.

ನಾಲ್ಕೂವರೆಗೆ ಹೊರಟರೆ ಬೆಳಕಿರುವಾಗಲೇ ನಾಲೆ ರಸ್ತೆ ದಾಟಬಹುದು. ದಾರಿಯ ಬದಿ ಎಲ್ಲಾದರೂ ಆಲೆಮನೆಯ ಹೊಗೆ ಕಂಡರೆ ಗಾಡಿ ನಿಲ್ಲಿಸಿ. ಕೊಪ್ಪರಿಗೆಯಿಂದ ದೂರ ನಿಂತು ಕೇಳಿದರೆ ಅಚ್ಚಿಗೆ ಹೊಯ್ಯುವ ಮುಂಚಿನ ಬಿಸಿಬೆಲ್ಲವನ್ನು ಎಲೆಯ ಮೇಲೆ ಹಾಕಿಕೊಡುತ್ತಾರೆ. ಮನೆಗೆ ಕೊಳ್ಳುವಾಗ ಥಳಥಳ ಹಳದಿಯದ್ದನ್ನು ಬಿಟ್ಟು, ಕಂದು ಬಣ್ಣದ ಅಚ್ಚುಗಳನ್ನೇ ಕೇಳಿ ತೆಗೆದುಕೊಳ್ಳಿ.